41,300 ರೂಪಾಯಿಯ ಒಂದು ನೀಲಿ ಫೈಲು

ಅಪ್ಪನ ಮಂಡಿಯ ಖರ್ಚಿನ ಪುಸ್ತಕದಲ್ಲಿ, 2024ರ ನವೆಂಬರ್ ತಿಂಗಳ ಪುಟದಲ್ಲಿ, ಒಂದು ಸಾಲಿದೆ: ‘ಮಗಳ ಜರ್ಮನಿ, ದಲ್ಲಾಳಿ, 41,300’. ಸಲಹಾ ಕೇಂದ್ರದವರ ರಸೀದಿಯಲ್ಲಿ ಅದೇ ಹಣಕ್ಕೆ ‘ಸಮಗ್ರ ವಿದೇಶ ವ್ಯಾಸಂಗ ಮಾರ್ಗದರ್ಶನ’ ಎಂಬ ಉದ್ದನೆಯ ಹೆಸರು. ಶುಲ್ಕ 35,000, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 6,300. ತಿಪಟೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಉಂಡೆ ಕೊಬ್ಬರಿಯ ದಲ್ಲಾಳಿ ಅಂಗಡಿ ಇಟ್ಟುಕೊಂಡಿರುವ ಅಪ್ಪನಿಗೆ ಅಷ್ಟುದ್ದದ ಹೆಸರು ಬೇಕಾಗಲಿಲ್ಲ. ತಮ್ಮ ಕಸುಬಿನ ಮಾತನ್ನೇ ಬರೆದುಕೊಂಡರು. ಒಂದು ಸೆಮಿಸ್ಟರ್ ಮುಗಿಸಿ ಮನೆಗೆ ಬಂದ ಮೇಲೆ ನನಗೂ ಅದೇ ಸರಿಯಾದ ಹೆಸರು ಅನ್ನಿಸಿದೆ. ಐದಕ್ಕೆ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಆ ಎರಡೂ ಯಾರಿಗೆ ಸಲ್ಲಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಕೇಂದ್ರದ ಹೆಸರು ಬರೆಯುತ್ತಿಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಅದೇ ರಸ್ತೆಯಲ್ಲಿ ಅಂಥವು ಇನ್ನೂ ನಾಲ್ಕಿವೆ. ಇದು ಅವುಗಳಿಗಿಂತ ಕೆಟ್ಟದ್ದಿರಲಾರದು. ಎರಡು ವರ್ಷದ ಎಂ.ಎಸ್. ಓದಲು ಹೋಗುವವರಿಗೆ ಇವರಿಂದ ಉಪಯೋಗ ಆಗುತ್ತದೋ ಏನೋ, ಆ ವಿಚಾರ ನನ್ನದಲ್ಲ. ನನ್ನಂತೆ ಪದವಿಯ ನಡುವೆ ಒಂದೇ ಒಂದು ಸೆಮಿಸ್ಟರ್‌ಗೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವವರು ಇದನ್ನು ಓದಿಕೊಂಡು ಆ ಮಹಡಿಯ ಮೆಟ್ಟಿಲು ಹತ್ತಿದರೆ ಸಾಕು.

ವಿನಿಮಯ ಎಂದರೆ ಏನೆಂದು ಮನೆಯಲ್ಲಿ ಹತ್ತು ಸಲ ವಿವರಿಸಿದ್ದೇನೆ, ಇಲ್ಲಿ ಒಂದು ಸಲ. ನಮ್ಮ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರುತ್ತದೆ. ನಾನು ಶುಲ್ಕ ಕಟ್ಟುವುದು ಇಲ್ಲಿ, ಪಾಠ ಕೇಳುವುದು ಅಲ್ಲಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳು ಇಲ್ಲಿಯ ಅಂಕಪಟ್ಟಿಗೆ ಬರುತ್ತವೆ. ಪ್ರವೇಶಕ್ಕಾಗಿ ಯಾರನ್ನೂ ಕಾಡಿ ಬೇಡುವ ಅಗತ್ಯವೂ ಇಲ್ಲ, ಕಾಲೇಜೇ ಹೆಸರು ಕಳಿಸುತ್ತದೆ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನ ಹೆಸರು ಅಕ್ಟೋಬರ್‌ನಲ್ಲಿ ಡ್ರೆಸ್ಡೆನ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋಗಿತ್ತು. ಅಂದರೆ ನಾವು ಸಲಹಾ ಕೇಂದ್ರಕ್ಕೆ ಕಾಲಿಡುವ ಮೊದಲೇ ದೊಡ್ಡ ಕೆಲಸ ಮುಗಿದಿತ್ತು. ಹಾಗಿದ್ದೂ ಯಾಕೆ ಹೋದಿರಿ ಎಂದರೆ, ‘ವೀಸಾ ರಿಜೆಕ್ಟ್’ ಎಂಬ ಎರಡು ಪದಗಳ ಭಯ. ಅಮ್ಮನ ಅಕ್ಕನ ಮಗನಿಗೆ ಹಿಂದೊಮ್ಮೆ ಹಾಗಾಗಿತ್ತು. ಅವನು ಹೊರಟಿದ್ದು ಬೇರೆ ದೇಶಕ್ಕೆ, ಬೇರೆ ಕಾರಣಕ್ಕೆ. ಆದರೂ ಆ ಸುದ್ದಿ ನಮ್ಮ ನೆಂಟರ ಪ್ರತಿ ಮದುವೆಯ ಪಂಕ್ತಿಯಲ್ಲೂ ಇವತ್ತಿಗೂ ಊಟಕ್ಕೆ ಕೂರುತ್ತದೆ.

ಮೊದಲ ದಿನ ನಮ್ಮನ್ನು ಕೂರಿಸಿಕೊಂಡ ಸಲಹೆಗಾರರು ಒಳ್ಳೆಯ ಮಾತುಗಾರರು. ಕಾಗದದ ಲೋಟದಲ್ಲಿ ಕಾಫಿ ಬಂತು. ನಾನು ಡ್ರೆಸ್ಡೆನ್ ಎಂದ ಕೂಡಲೇ ಅವರು, “ಮೇಡಂ, ಒಂದು ಸೆಮಿಸ್ಟರ್‌ಗೆ ಅಷ್ಟು ದೂರ ಹೋಗಿ ಬಂದು ಏನು ಸಾಧಿಸುತ್ತೀರಿ? ಪದವಿ ಮುಗಿಸಿ ನೇರವಾಗಿ ಬರ್ಲಿನ್‌ಗೆ ಹೋಗಿ. ಖಾಸಗಿ ವಿಶ್ವವಿದ್ಯಾಲಯ, ಪೂರ್ತಿ ಇಂಗ್ಲಿಷ್, ಪ್ರವೇಶದ ಜವಾಬ್ದಾರಿ ನಮ್ಮದು” ಎಂದು ಒಂದು ಹೊಳೆಯುವ ಪುಸ್ತಿಕೆ ನನ್ನ ಮುಂದೆ ತಳ್ಳಿದರು. ಡ್ರೆಸ್ಡೆನ್ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಚಿಪ್ ವಿನ್ಯಾಸ ಓದಬೇಕು ಎನ್ನುವವಳಿಗೆ ಯುರೋಪಿನಲ್ಲಿ ಅದಕ್ಕಿಂತ ಒಳ್ಳೆಯ ಊರು ಕಡಿಮೆ. ಇನ್ಫಿನಿಯನ್, ಬಾಷ್, ಗ್ಲೋಬಲ್ ಫೌಂಡ್ರೀಸ್ ಮೂರರ ಚಿಪ್ ಕಾರ್ಖಾನೆಗಳೂ ಅಲ್ಲಿವೆ, ತೈವಾನಿನ ಟಿಎಸ್‌ಎಂಸಿ ಪಾಲುದಾರಿಕೆಯ ಕಾರ್ಖಾನೆಗೆ 2024ರ ಆಗಸ್ಟ್‌ನಲ್ಲಷ್ಟೇ ಗುದ್ದಲಿ ಪೂಜೆ ಆಗಿತ್ತು.

ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟು, “ಆ ಬರ್ಲಿನ್‌ನವರು ನಿಮಗೆ ಏನಾದರೂ ಕೊಡುತ್ತಾರೆಯೇ?” ಎಂದರು.

“ಅದು ಪಾರ್ಟ್‌ನರ್‌ಶಿಪ್ ಸರ್.”

“ಶೇಕಡಾ ಎಷ್ಟು?”

ಸಲಹೆಗಾರರು ನಕ್ಕರು, ಉತ್ತರ ಹೇಳಲಿಲ್ಲ. ಅಪ್ಪ ಮತ್ತೆ ಕೇಳಲಿಲ್ಲ. ಮಂಡಿಯಲ್ಲಿ ಕಮಿಷನ್ ಬರುವುದು ಕೊಳ್ಳುವವನಿಂದ, ಮಾಲು ತಂದ ರೈತನಿಂದ ಒಂದು ರೂಪಾಯಿಯನ್ನೂ ಮುರಿದುಕೊಳ್ಳುವಂತಿಲ್ಲ. ಇವರು ನಮ್ಮಿಂದ ಶುಲ್ಕವನ್ನೂ ಅಲ್ಲಿಂದ ಕಮಿಷನ್ನನ್ನೂ ತೆಗೆದುಕೊಳ್ಳುತ್ತಾರೆ ಎಂದರೆ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದು ಅಪ್ಪನಿಗೆ ಆ ಕ್ಷಣವೇ ಗೊತ್ತಾಗಿದೆ. ನನಗೆ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುತೇಕ ಬೋಧನಾ ಶುಲ್ಕವನ್ನೇ ಪಡೆಯುವುದಿಲ್ಲ, ಹೀಗಿರುವಾಗ ಅವು ದಲ್ಲಾಳಿಗೆ ಎಲ್ಲಿಂದ ಕೊಟ್ಟಾವು? ಕೊಡುವವರು ಲಕ್ಷಗಟ್ಟಲೆ ಶುಲ್ಕ ವಸೂಲು ಮಾಡುವ ಖಾಸಗಿಯವರು. ಇನ್ನು ವಿನಿಮಯ ವಿದ್ಯಾರ್ಥಿಯ ಮೇಲೆ ಯಾರಿಂದಲೂ ಏನೂ ಹುಟ್ಟುವುದಿಲ್ಲ. ಹಾಗಾಗಿ ನಾನು ಆ ಅಂಗಡಿಯಲ್ಲಿ, ಸೀರೆ ಕೊಳ್ಳದೆ ಮಡಿಕೆ ಬಿಚ್ಚಿಸುವ ಗಿರಾಕಿಯಂತೆ ಇದ್ದೆ. ನಮ್ಮ 35,000ಕ್ಕೆ ತಕ್ಕಷ್ಟು ಗಮನ ಸಿಕ್ಕಿದ್ದರೂ ಸಾಕಿತ್ತು.

ಮೊದಲ ಕೆಲಸ, ವಿಷಯಗಳ ಆಯ್ಕೆ. ಒಂದು ಸೆಮಿಸ್ಟರ್‌ನ ವಿನಿಮಯದಲ್ಲಿ ಇದೇ ಬೆನ್ನುಮೂಳೆ. ಅಲ್ಲಿ ಓದುವ ಪ್ರತಿಯೊಂದು ವಿಷಯಕ್ಕೂ ಇಲ್ಲಿ ಸರಿಸಮನಾದದ್ದು ಇದೆಯೇ ಎಂದು ಹೊಂದಿಸಿ, ನಾನು, ನಮ್ಮ ಕಾಲೇಜು, ಅಲ್ಲಿಯ ವಿಶ್ವವಿದ್ಯಾಲಯ ಮೂವರೂ ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಬೇಕು. ಅದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಎನ್ನುತ್ತಾರೆ. ಅದು ಸರಿಯಿಲ್ಲದಿದ್ದರೆ ಊರು ನೋಡಿಕೊಂಡು ಬಂದು ಇಲ್ಲಿ ಮತ್ತೆ ಆರನೆಯ ಸೆಮಿಸ್ಟರ್ ಬರೆಯಬೇಕಾಗುತ್ತದೆ.

ಕೇಂದ್ರದವರು ಎರಡು ದಿನದಲ್ಲಿ ಆರು ವಿಷಯಗಳ ಪಟ್ಟಿ ಕಳಿಸಿದರು. ಅಷ್ಟು ಬೇಗ ಬಂದದ್ದಕ್ಕೆ ಖುಷಿಪಟ್ಟು ಒಂದೊಂದನ್ನೇ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹುಡುಕಿದೆ. ನಾಲ್ಕು ವಿಷಯಗಳ ಪಾಠ ನಡೆಯುವುದು ಜರ್ಮನ್ ಭಾಷೆಯಲ್ಲಿ. ಐದನೆಯದು ಚಳಿಗಾಲದ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತದೆ. ನಾನು ಹೋಗುವುದು ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆಯ ಸೆಮಿಸ್ಟರ್‌ಗೆ. ಫೋನಿನಲ್ಲಿ ಹೇಳಿದಾಗ ಅಪ್ಪ, “ಆರು ಉಂಡೆಯಲ್ಲಿ ಐದು ಕೌಟು ಅನ್ನು” ಎಂದರು. ಇಲ್ಲಿ ಒಂದು ಮಾತು ತಿಳಿದಿರಬೇಕು, ಇದನ್ನು ನನಗೆ ಯಾರೂ ಮೊದಲು ಹೇಳಲಿಲ್ಲ: ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಮಟ್ಟದ ಪಾಠ ಬಹುಪಾಲು ಜರ್ಮನ್‌ನಲ್ಲೇ ನಡೆಯುತ್ತದೆ, ಇಂಗ್ಲಿಷ್ ತರಗತಿಗಳು ಹೆಚ್ಚಾಗಿ ಸಿಗುವುದು ಸ್ನಾತಕೋತ್ತರ ಮಟ್ಟದಲ್ಲಿ. ಪದವಿ ವಿದ್ಯಾರ್ಥಿಗೆ ಅವುಗಳಲ್ಲಿ ಕೂರಲು ಬಿಡುತ್ತಾರೋ ಇಲ್ಲವೋ ಎಂದು ಆಯಾ ವಿಭಾಗಕ್ಕೆ ಮಿಂಚಂಚೆ ಬರೆದು ಕೇಳಬೇಕು. ನಾನು ಕೇಳಿದೆ. ನ್ಯಾನೊಎಲೆಕ್ಟ್ರಾನಿಕ್ಸ್ ಸ್ನಾತಕೋತ್ತರ ತರಗತಿಯ ಮೂರು ವಿಷಯಗಳಿಗೆ ಒಪ್ಪಿಗೆ ಬಂತು. ಬರೆದದ್ದು ನಾಲ್ಕು ಸಾಲು, ಖರ್ಚು ಸೊನ್ನೆ.

ಉಳಿದದ್ದನ್ನು ಹೊಂದಿಸಿಕೊಟ್ಟವರು ನಮ್ಮ ವಿಭಾಗದ ಹಿರಿಯ ಮೇಷ್ಟ್ರು. ಒಂದು ಶನಿವಾರ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಫ್ಯಾನ್ ಬಿಟ್ಟರೆ ಬೇರೆ ಸದ್ದಿಲ್ಲ. ಎರಡೂ ಕಡೆಯ ಪಠ್ಯಕ್ರಮಗಳನ್ನು ಮುದ್ರಿಸಿ ತಂದಿದ್ದೆ. ಮೇಷ್ಟ್ರು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೆಂಪು ಪೆನ್ಸಿಲ್ ತೆಗೆದುಕೊಂಡರು. ಯುರೋಪಿನ ವಿಶ್ವವಿದ್ಯಾಲಯಗಳ ಸಾಮಾನ್ಯ ಅಳತೆಯಾದ ಇಸಿಟಿಎಸ್‌ನ ಒಂದು ಕ್ರೆಡಿಟ್ ಎಂದರೆ ಪಾಠ, ಓದು, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ; ನಮ್ಮ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಪಾಠ. ಎರಡೂ ಒಂದೇ ಅಳತೆಗೋಲಲ್ಲ. ಅಲ್ಲಿಯ 6ಕ್ಕೆ ಇಲ್ಲಿಯ 4 ಎಂದು ಒಂದು ಲೆಕ್ಕಕ್ಕೆ ಬಂದು, ಪುಟದ ಅಂಚಿನಲ್ಲಿ ಅದನ್ನು ಬರೆದು ಸಹಿ ಹಾಕಿದರು. ಆಮೇಲೆ ಸಾಲು ಸಾಲಾಗಿ ಪಠ್ಯ. ಒಂದು ವಿಷಯದಲ್ಲಿ ನಮ್ಮ ಐದನೆಯ ಘಟಕ ಅಲ್ಲಿ ಇರಲೇ ಇಲ್ಲ. ಪೆನ್ಸಿಲ್ಲನ್ನು ಆ ಜಾಗದಲ್ಲಿ ಎರಡು ಸಲ ಕುಟ್ಟಿದರು. “ಬಂದ ಮೇಲೆ ನಾಲ್ಕು ದಿನ ನನ್ನ ಹತ್ತಿರ ಕೂತು ಇದನ್ನು ಕಲಿತುಕೋ. ಪರೀಕ್ಷೆಗೆ ಅಂತ ಹೇಳುತ್ತಿಲ್ಲ, ಮುಂದೆ ಕೆಲಸಕ್ಕೆ ಸೇರಿದಾಗ ಬೇಕಾಗುತ್ತದೆ” ಎಂದರು. ಒಂದೂವರೆಗೆ ಶುರು ಮಾಡಿದ್ದು ಮುಗಿದಾಗ ನಾಲ್ಕೂಕಾಲು. ಡಬ್ಬಿ ಹಾಗೆಯೇ ಇತ್ತು. ಸಮಗ್ರ ಮಾರ್ಗದರ್ಶನ ಎಂಬ ಮಾತಿಗೆ ಏನಾದರೂ ಅರ್ಥ ಇರುವುದಾದರೆ ಅದು ಆ ಮಧ್ಯಾಹ್ನ ನನಗೆ ಸಿಕ್ಕಿದ್ದು.

ಅಂಕಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಕೇಂದ್ರದವರು ಮಾಡಿದ ತಪ್ಪು ಕಣ್ಣಿಗೆ ಕಾಣದಂಥದ್ದು. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಉತ್ತೀರ್ಣ, 5 ಅನುತ್ತೀರ್ಣ. (“ಹಾಗಾದರೆ ಒಂದು ಬಂದರೆ ಸಿಹಿ ಹಂಚಬೇಕಾ?” ಎಂದು ಅಮ್ಮ.) ನಮ್ಮ ಸಿಜಿಪಿಎಯನ್ನು ಅದಕ್ಕೆ ತಿರುಗಿಸಲು ಬವೇರಿಯನ್ ಸೂತ್ರ ಎಂಬುದೊಂದಿದೆ: ಗರಿಷ್ಠ ಅಂಕದಿಂದ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುವುದು. ನನ್ನದು ಹತ್ತಕ್ಕೆ 8.2. ನಮ್ಮಲ್ಲಿ ಉತ್ತೀರ್ಣಕ್ಕೆ 4 ಸಾಕು. ಲೆಕ್ಕ ಹಾಕಿದರೆ 1.9 ಬರುತ್ತದೆ. ಕೇಂದ್ರದವರ ಹಾಳೆಯಲ್ಲಿ 2.08 ಇತ್ತು. ಉತ್ತೀರ್ಣ ಅಂಕ 5 ಎಂದು ಯಾವುದೋ ಬೇರೆ ವಿಶ್ವವಿದ್ಯಾಲಯದ ಹಳೆಯ ಹಾಳೆಯಿಂದ ಎತ್ತಿಕೊಂಡಿದ್ದರು. ಎರಡರ ನಡುವಿನ ಅಂತರ ಸಣ್ಣದೇ, ಆದರೆ 2ರ ಈಚೆಗೂ ಆಚೆಗೂ ನಿಲ್ಲುವುದರಲ್ಲಿ ವ್ಯತ್ಯಾಸವಿದೆ. ತಿರುಗಿ ಬರುವಾಗಲೂ ಇದೇ ಸೂತ್ರ ಹಿಂದುಮುಂದಾಗಿ ಕೆಲಸ ಮಾಡುತ್ತದೆ: ಅಲ್ಲಿ ಒಂದು ವಿಷಯದಲ್ಲಿ ನನಗೆ ಬಂದ 2.3, ನಮ್ಮ ಲೆಕ್ಕದಲ್ಲಿ 7.4 ಆಗಿ ಅಂಕಪಟ್ಟಿಯಲ್ಲಿ ಕೂತಿದೆ. ಈ ಪರಿವರ್ತನೆಯ ನಿಯಮ ಹೋಗುವ ಮೊದಲೇ ಕಾಲೇಜಿನಿಂದ ಬರಹದಲ್ಲಿ ಪಡೆದುಕೊಳ್ಳಿ. ಬಂದ ಮೇಲೆ ಕೇಳಿದರೆ ಪ್ರತಿಯೊಬ್ಬರ ಮೇಜಿನ ಮೇಲೂ ಬೇರೆ ಬೇರೆ ನಿಯಮ ಇರುತ್ತದೆ.

ಹಣದ ಕಡೆ ನಡೆದದ್ದನ್ನು ಅಪ್ಪ ಇವತ್ತಿಗೂ ಮರೆತಿಲ್ಲ. ವಿದ್ಯಾರ್ಥಿಯ ಖರ್ಚಿಗೆ ಹಣ ಇದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟ್ ತೆರೆದು ಅದರಲ್ಲಿ ಯೂರೋ ಇಡಬೇಕು; ಅಲ್ಲಿಗೆ ಹೋದ ಮೇಲೆ ಅದು ತಿಂಗಳ ಕಂತಿನಂತೆ ಕೈಗೆ ಬರುತ್ತದೆ. ಕೇಂದ್ರದವರು ಕೊಟ್ಟ ಹಾಳೆಯಲ್ಲಿ ತಿಂಗಳಿಗೆ 934 ಯೂರೋ, ಆರು ತಿಂಗಳಿಗೆ 5,604 ಎಂದಿತ್ತು. ಡಿಸೆಂಬರ್‌ನಲ್ಲಿ ಅವರೇ ಗೊತ್ತುಮಾಡಿದ ವಿದೇಶಿ ವಿನಿಮಯ ಏಜೆಂಟನ ಮೂಲಕ ಅಷ್ಟನ್ನೂ ಕಳಿಸಿದೆವು. ಒಂದು ವಾರದ ನಂತರ ರಾತ್ರಿ ನಿದ್ದೆ ಬಾರದೆ ದೂತಾವಾಸದ ಪಟ್ಟಿ ಓದುತ್ತಿದ್ದಾಗ ನನ್ನ ಹೊಟ್ಟೆ ತಣ್ಣಗಾಯಿತು. 2024ರ ಸೆಪ್ಟೆಂಬರ್ 1ರಿಂದ ಆ ಮೊತ್ತ 992ಕ್ಕೆ ಏರಿದೆ, ವರ್ಷಕ್ಕೆ 11,904. ನಮ್ಮ ಖಾತೆಯಲ್ಲಿ 348 ಯೂರೋ ಕಡಿಮೆ. ನಾವು ಕೇಂದ್ರಕ್ಕೆ ಶುಲ್ಕ ಕಟ್ಟಿದ್ದು ನವೆಂಬರ್‌ನಲ್ಲಿ, ಅಂದರೆ ಹೊಸ ಮೊತ್ತ ಬಂದು ಎರಡು ತಿಂಗಳ ಮೇಲಾಗಿತ್ತು. ಮರುದಿನ ಕೇಳಿದ್ದಕ್ಕೆ ಸಿಕ್ಕ ಉತ್ತರ: “ಅವರ ಸರ್ಕಾರ ಬದಲಾಯಿಸಿದರೆ ನಾವೇನು ಮಾಡುವುದು ಮೇಡಂ?”

ಉಳಿದ 348ನ್ನು ಅಪ್ಪ ತಮ್ಮ ಬ್ಯಾಂಕಿನಿಂದ ಕಳಿಸಲು ಹೋದರು. ಆಗ ಅವರ ಕಣ್ಣಿಗೆ ಬಿದ್ದದ್ದು ದರ. ಬ್ಯಾಂಕಿನವರು ಯೂರೋಗೆ 89.90 ಹೇಳಿದರು. ಏಜೆಂಟನಿಗೆ ಹಣ ಕಳಿಸಿದ ದಿನ ಬ್ಯಾಂಕಿನ ದರ ಎಷ್ಟಿತ್ತು ಎಂದು ಕೇಳಿದರು. ಅವತ್ತೂ ಅಷ್ಟೇ. ಏಜೆಂಟ ಹಾಕಿದ್ದು 91.40. ಒಂದೂವರೆ ರೂಪಾಯಿಯಂತೆ 5,604 ಯೂರೋಗೆ ಎಷ್ಟಾಯಿತು ಎಂದು ಕೌಂಟರಿನಲ್ಲಿದ್ದ ಹುಡುಗ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಅಪ್ಪ ಹೇಳಿದರು, 8,406. ಅವತ್ತು ಸಂಜೆ ಮಂಡಿಯ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿತು: ‘ಜರ್ಮನಿ, ದಲ್ಲಾಳಿ, ಎರಡನೆಯ ಸಲ’.

ಈಗ ಆ ಎರಡು ನಕ್ಷತ್ರಗಳ ಮಾತು. ಕೇಂದ್ರದ ಒಳಕೋಣೆಯಲ್ಲಿ ಫೈಲು ಜೋಡಿಸುವ ಒಬ್ಬ ಹುಡುಗಿ ಇದ್ದಾಳೆ, ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅವಳ ಮೇಜಿನ ಮೇಲೆ ಬಾವುಟಗಳೂ ಇಲ್ಲ, ಪುಸ್ತಿಕೆಗಳೂ ಇಲ್ಲ. ಒಂದು ಸ್ಟೇಪ್ಲರ್, ಒಂದು ಅಡಿಪಟ್ಟಿ. ನನ್ನ ಭಾವಚಿತ್ರವನ್ನು ಅಡಿಪಟ್ಟಿಯಲ್ಲಿ ಅಳೆದು, “ಇದು 35 ಅಗಲ ಇದೆ, ಎತ್ತರ 50 ಇದೆ. 45 ಇರಬೇಕು, ಕತ್ತರಿಸಬೇಡಿ, ಹೊಸದಾಗಿ ತೆಗೆಸಿ” ಎಂದಳು. ನಾನು ಬರೆದಿದ್ದ ಉದ್ದೇಶಪತ್ರವನ್ನು ಓದಿ, ಯುರೋಪಿನ ಸಂಸ್ಕೃತಿಯ ಬಗ್ಗೆ ನಾನು ಸುರಿದಿದ್ದ ಒಂದೂವರೆ ಪುಟವನ್ನು ಹೊಡೆದುಹಾಕಿ, “ವಾಪಸು ಬಂದು ಏನು ಮಾಡುತ್ತೀರಿ, ಅದನ್ನು ಮೊದಲು ಬರೆಯಿರಿ” ಎಂದಳು. ಕಾಲೇಜಿನಿಂದ ಒಂದು ಪತ್ರ ತರಿಸಿದಳು: ಈ ವಿದ್ಯಾರ್ಥಿನಿ ಅಲ್ಲಿ ಗಳಿಸುವ ಕ್ರೆಡಿಟ್‌ಗಳನ್ನು ಪದವಿಗೆ ಪರಿಗಣಿಸಲಾಗುವುದು, ಏಳನೆಯ ಸೆಮಿಸ್ಟರ್‌ನಲ್ಲಿ ಆಕೆಯ ಸ್ಥಾನ ಇರುತ್ತದೆ ಎಂದು. ಹಿಂದಿರುಗುತ್ತೇನೆ ಎಂದು ನಾನು ಹತ್ತು ಸಾಲು ಬರೆಯುವುದಕ್ಕಿಂತ ಆ ಪತ್ರದ ತೂಕ ಹೆಚ್ಚು. ಎಲ್ಲವನ್ನೂ ದೂತಾವಾಸದ ಪಟ್ಟಿಯ ಕ್ರಮದಲ್ಲೇ ಎರಡು ಪ್ರತಿ ಮಾಡಿ ನೀಲಿ ಫೈಲಿನಲ್ಲಿಟ್ಟು ಕೊಟ್ಟಳು. ಜನವರಿಯಲ್ಲಿ ವೀಸಾ ಅರ್ಜಿ ಕೇಂದ್ರದ ಕಿಟಕಿಯಲ್ಲಿದ್ದವರು ಒಂದು ಹಾಳೆಯನ್ನೂ ಹಿಂದೆ ಮುಂದೆ ಮಾಡಲಿಲ್ಲ. ನನ್ನ ಪಕ್ಕದ ಕಿಟಕಿಯಲ್ಲಿ ಒಬ್ಬ ಹುಡುಗ ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದ. ಐದು ವಾರಕ್ಕೆ ವೀಸಾ ಬಂತು. ಎರಡೂ ನಕ್ಷತ್ರ ಆ ಹುಡುಗಿಗೆ.

ಬರೀ ಆ ಫೈಲಿಗೆ ಎಷ್ಟು ಕೊಡಬಹುದಿತ್ತು ಎಂದು ಅಪ್ಪನೂ ನಾನೂ ಒಮ್ಮೆ ಲೆಕ್ಕ ಹಾಕಿದೆವು. ಐದು ಸಾವಿರ ಧಾರಾಳವಾಯಿತು. ‘ವೀಸಾ ಫೈಲು ಮಾತ್ರ’ ಎಂಬ ಸೇವೆ ಅವರ ದರಪಟ್ಟಿಯಲ್ಲಿಲ್ಲ.

ವಸತಿಗೆ ಸಹಾಯ ಬೇಕೆಂದರೆ ಪ್ರತ್ಯೇಕವಾಗಿ 15,000 ಕೇಳಿದರು. ನಾನೇ ಅಲ್ಲಿಯ ವಿದ್ಯಾರ್ಥಿ ವಸತಿ ಸಂಸ್ಥೆಯಾದ ಸ್ಟುಡೆಂಟೆನ್‌ವೆರ್ಕ್‌ನ ಜಾಲತಾಣದಲ್ಲಿ ಅರ್ಜಿ ಹಾಕಿದೆ, ಇಪ್ಪತ್ತು ನಿಮಿಷದ ಕೆಲಸ. ಮೂರು ಜನ ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆ, ತಿಂಗಳಿಗೆ 285 ಯೂರೋ. ಆರೋಗ್ಯ ವಿಮೆಗೆ ಸುಮಾರು 140. ಟಿವಿ ಇಲ್ಲದಿದ್ದರೂ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು ಎಂಬುದು ಅಲ್ಲಿಗೆ ಹೋದ ಮೇಲೆ ಅಂಚೆಯಲ್ಲಿ ಬಂದ ಕಾಗದದಿಂದ ತಿಳಿಯಿತು. ಮೂವರು ಹಂಚಿಕೊಂಡೆವು.

ಇನ್ನು ‘ಪ್ರಯಾಣಪೂರ್ವ ಕೈಪಿಡಿ’. ಹನ್ನೆರಡು ಪುಟದ ಪಿಡಿಎಫ್. ಒಂಬತ್ತನೆಯ ಪುಟದಲ್ಲಿ ಕೊಂಡೊಯ್ಯಬೇಕಾದ ತಿನಿಸುಗಳ ಪಟ್ಟಿ: ಉಪ್ಪಿನಕಾಯಿ, ಚಟ್ನಿಪುಡಿ, ತುಪ್ಪ, ಒಣ ಕೊಬ್ಬರಿ. ಅಮ್ಮ ಅದನ್ನು ದೇವರ ಪ್ರಸಾದದಂತೆ ಸ್ವೀಕರಿಸಿ ಎರಡು ಕಿಲೋ ತುಪ್ಪ ಕಾಯಿಸಿದರು. ಹೊರಡಲು ನಾಲ್ಕು ದಿನ ಇರುವಾಗ ನಾನು ಐರೋಪ್ಯ ಒಕ್ಕೂಟದ ಸುಂಕದ ನಿಯಮ ಓದಿದೆ. ಹೊರದೇಶದ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ. ತುಪ್ಪ ಮನೆಯಲ್ಲೇ ಉಳಿಯಿತು. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಓದಿ ಹೇಳಿದಾಗ ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. ಹಣ್ಣು ತರಕಾರಿ ತಂದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬೇಡದವು ಐದೇ ಐದು: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿ. “ಯುರೋಪಿನವರಿಗೂ ಗೊತ್ತಿದೆ ನೋಡು” ಎಂದು ಅಪ್ಪ ಮಂಡಿಯಿಂದ ಆರಿಸಿದ ಹತ್ತು ಉಂಡೆ ಕೊಬ್ಬರಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಟ್ಟರು.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೂಕಕ್ಕಿಟ್ಟಾಗ ಕೌಂಟರಿನ ಹೆಣ್ಣುಮಗಳು, “ಒಣ ಕೊಬ್ಬರಿ ಇದೆಯೇ?” ಎಂದು ಕೇಳಿದಳು. ತೆಂಗಿನಕಾಯಿಗೆ ಅಲ್ಲಿ ಅಡ್ಡಿಯಿಲ್ಲ, ನಿಜ. ವಿಮಾನಕ್ಕೆ ಮಾತ್ರ ಕೊಬ್ಬರಿ ಅಪಾಯಕಾರಿ ಸರಕು. ಎಣ್ಣೆಯ ಅಂಶ ಹೆಚ್ಚು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ಅದನ್ನು ಲಗೇಜಿನಲ್ಲಿ ಬಿಡುವುದಿಲ್ಲ. ನಾನು ಹೊರಗೆ ಬಂದು ಚೀಲವನ್ನು ಅಪ್ಪನ ಕೈಗೆ ಕೊಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಉಂಡೆಯನ್ನು ತೆಗೆದು ಕೈಯಲ್ಲಿ ತಿರುಗಿಸುತ್ತಾ, “ಸರಿಯಾಗಿಯೇ ಹೇಳಿದ್ದಾಳೆ. ಗೋದಾಮಿನಲ್ಲಿ ತೇವ ಬಿದ್ದ ಚೀಲ ಎಷ್ಟು ಕಾಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ನನಗೇ ಹೊಳೆಯಬೇಕಿತ್ತು” ಎಂದರು. ಆ ಕೊಬ್ಬರಿ ಅದೇ ರಾತ್ರಿ ಅವರ ಜೊತೆ ತಿಪಟೂರಿಗೆ ಮರಳಿತು. ಕೈಪಿಡಿಯ ಒಂಬತ್ತನೆಯ ಪುಟ ಈಗಲೂ ಹಾಗೆಯೇ ಇದೆ, ಈ ವರ್ಷ ಹೊರಟ ನನ್ನ ಕಿರಿಯ ಸಹಪಾಠಿಗೂ ತುಪ್ಪ, ಕೊಬ್ಬರಿ ಎರಡನ್ನೂ ಹೇಳಿದ್ದಾರೆ.

ಅದೇ ಕೈಪಿಡಿಯಲ್ಲಿ ಇರಬೇಕಾದದ್ದು, ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬ ಒಂದು ಸಾಲು, ಇರಲಿಲ್ಲ. ನಾನು ಕೋಣೆ ಸೇರಿದ್ದು ಶನಿವಾರ ರಾತ್ರಿ ಹತ್ತಕ್ಕೆ. ಮರುದಿನವಿಡೀ ಅವಲಕ್ಕಿ, ಚಟ್ನಿಪುಡಿ ಮತ್ತು ನಲ್ಲಿಯ ನೀರು.

‘ತಲುಪಿದ ನಂತರದ ಬೆಂಬಲ’ ಎಂದರೆ ಒಂದು ವಾಟ್ಸ್‌ಆ್ಯಪ್ ಸಂಖ್ಯೆ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಎಲ್ಲಿ ಸಿಗುತ್ತದೆ ಎಂದು ಕೇಳಿದ ನನ್ನ ಪ್ರಶ್ನೆಗೆ ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ವಿಶ್ವವಿದ್ಯಾಲಯದವರು ಗೊತ್ತುಮಾಡಿದ್ದ ‘ಬಡ್ಡಿ’. ಹೊಸದಾಗಿ ಬಂದವರ ಕೈ ಹಿಡಿದು ನಡೆಸುವ ಜೊತೆಗಾರ ವಿದ್ಯಾರ್ಥಿಗೆ ಅಲ್ಲಿ ಹಾಗೆನ್ನುತ್ತಾರೆ. ಫೋನಿನಲ್ಲಿ ಅಪ್ಪನಿಗೆ, “ನನಗೆ ಒಬ್ಬಳು ಬಡ್ಡಿಯನ್ನು ಕೊಟ್ಟಿದ್ದಾರೆ” ಎಂದೆ. “ಬಡ್ಡಿ ಕೊಟ್ಟಿದ್ದಾರೋ, ಹಾಕಿದ್ದಾರೋ, ಸರಿಯಾಗಿ ಕೇಳು” ಎಂದರು.

ಓದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಇದು ವಿಶ್ವವಿದ್ಯಾಲಯದ ವಿಮರ್ಶೆಯಲ್ಲ. ಒಂದು ವಿಷಯ ಮಾತ್ರ. ಆಸಿಲೇಟರ್ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡುವ ಬಾರ್ಕ್‌ಹೌಸನ್ ನಿಯಮ ಇದೆಯಲ್ಲ, ಆ ಬಾರ್ಕ್‌ಹೌಸನ್ 1911ರಿಂದ ಪ್ರಾಧ್ಯಾಪಕರಾಗಿದ್ದದ್ದು ಡ್ರೆಸ್ಡೆನ್‌ನಲ್ಲೇ. ನನ್ನ ಎರಡು ತರಗತಿಗಳು ನಡೆದದ್ದು ಅವರ ಹೆಸರಿನ ಕಟ್ಟಡದಲ್ಲಿ. ಮೊದಲ ದಿನ ಬಾಗಿಲ ಮೇಲಿನ ಹೆಸರು ಓದಿದಾಗ ಆಂತರಿಕ ಪರೀಕ್ಷೆಯಲ್ಲಿ ಅದೇ ನಿಯಮಕ್ಕೆ ಎರಡು ಅಂಕ ಕಳೆದುಕೊಂಡದ್ದು ನೆನಪಾಯಿತು.

ಹೊರಡುವವರು ತಾರೀಕುಗಳನ್ನು ಮಾತ್ರ ಖಂಡಿತ ನೋಡಿಕೊಳ್ಳಿ. ಅಲ್ಲಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು, ಪರೀಕ್ಷೆ ಫೆಬ್ರುವರಿಯಲ್ಲಿ. ಆ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರ್‌ನ ಪಾಠ ನಡೆಯುತ್ತಿರುತ್ತದೆ. ಬೇಸಿಗೆಯದಕ್ಕೆ ಹೋದರೆ ಪಾಠ ಏಪ್ರಿಲ್‌ನಿಂದ ಜುಲೈ ಮಧ್ಯದವರೆಗೆ, ಪರೀಕ್ಷೆ ಆಗಸ್ಟ್ ಮಧ್ಯದವರೆಗೂ ಎಳೆಯುತ್ತದೆ. ನನ್ನ ಕೊನೆಯ ಪರೀಕ್ಷೆಯ ವಾರವೇ, ಹಿಂದಿನ ವರ್ಷ ಕುಸಿದಿದ್ದ ಕರೋಲಾ ಸೇತುವೆಯ ಅವಶೇಷ ತೆಗೆಯುವಾಗ ಎರಡನೆಯ ಮಹಾಯುದ್ಧದ ಬಾಂಬೊಂದು ಸಿಕ್ಕಿ, ಸುಮಾರು 17,000 ಜನರನ್ನು ಮನೆ ಬಿಡಿಸಿದರು. ಹಳೆಯ ಪಟ್ಟಣದಲ್ಲಿದ್ದ ನನ್ನ ಗೆಳತಿಯೂ ಅವರಲ್ಲೊಬ್ಬಳು. ಪುಸ್ತಕ ಹೊತ್ತು ನನ್ನ ಕೋಣೆಗೆ ಬಂದು ಓದಿದಳು. ತಮಾಷೆಗೆ ಎಂಬಂತೆ ಆ ಬೆಂಬಲದ ಸಂಖ್ಯೆಗೂ ಸುದ್ದಿ ಕಳಿಸಿದೆ. ಆ ಸಲ ಉತ್ತರ ಬಂತು: “ಇದು ವಿಮೆಗೆ ಸಂಬಂಧಿಸಿದ ಪ್ರಶ್ನೆಯೇ?”

ಹಿಂದಿರುಗಿದ ಮೇಲೆ ವಿಷಯಪಟ್ಟಿ, ಅಂಕದ ಹಾಳೆ, ಹಣದ ಮೊತ್ತ ಮೂರರ ತಪ್ಪನ್ನೂ ಬರೆದು 10,000 ರೂಪಾಯಿ ವಾಪಸು ಕೇಳಿದೆ. ಐಇಎಲ್‌ಟಿಎಸ್ ತರಬೇತಿಗೆ ಶೇ. 20 ರಿಯಾಯಿತಿಯ ಕೂಪನ್ ಕಳಿಸಿದರು.

ಅಕ್ಟೋಬರ್‌ನಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಸೀರೆ ಕೊಳ್ಳಲು ಅದೇ ಕೆಳಗಿನ ಅಂಗಡಿಗೆ ಹೋಗಿದ್ದೆವು. ಅಮ್ಮ ಬಾಗಿಲಲ್ಲೇ ನಿಂತು ತಲೆ ಎತ್ತಿ ನೋಡುತ್ತಿದ್ದರು. ಮೇಲಿನ ಮಹಡಿಯ ಕಿಟಕಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಎಂಟು ಮುಖಗಳು. ಮೂರನೆಯದು ನಾನು, ಆ 35ಕ್ಕೆ 45ರ ಭಾವಚಿತ್ರವೇ ಬಾಗಿಲಷ್ಟು ದೊಡ್ಡದಾಗಿದೆ. ಕೆಳಗೆ ‘ಎಂ.ಎಸ್., ಬರ್ಲಿನ್’ ಎಂದು ಬರೆದಿದೆ. ಅಪ್ಪ ಮೆಟ್ಟಿಲು ಹತ್ತಿ ಹೋದರು, ಹತ್ತು ನಿಮಿಷಕ್ಕೆ ಇಳಿದು ಬಂದರು. ಸರಿಮಾಡುತ್ತಾರಂತೆ ಎಂದರು.

ಮುಂದಿನ ವಾರ ಸಲಹೆಗಾರರಿಂದ ನನಗೆ ಒಂದು ಚಿತ್ರ ಬಂತು, ಜೊತೆಗೆ ಕೈಮುಗಿಯುವ ಗುರುತು. ಬರ್ಲಿನ್ ಮೇಲೆ ಬಿಳಿ ಕಾಗದ ಅಂಟಿಸಿ ಡ್ರೆಸ್ಡೆನ್ ಎಂದು ಬರೆಸಿದ್ದಾರೆ. ಎಂ.ಎಸ್. ಹಾಗೆಯೇ ಇದೆ.